ಕಂಟಾಮಿ ಅಕ್ಕ ಹುಡುಕಿದ ಪದ

ನೂಲಿನ ಮಿಲ್ಲಿನಲ್ಲಿ ಹತ್ತಿ ಆರಿಸುವ ಹನ್ನೊಂದು ಹೆಂಗಸರ ತಲೆಯ ಮೇಲೆ ಒಂದು ಬೋರ್ಡು ತೂಗುತ್ತದೆ: ‘ಕಂಟಾಮಿನೇಶನ್ ವಿಭಾಗ’. ಕೆಳಗೆ ಅದೇ ಮಾತು ಇಂಗ್ಲಿಷ್ ಅಕ್ಷರದಲ್ಲೂ ಇದೆ. ಅಷ್ಟುದ್ದದ ಪದವನ್ನು ದಿನಕ್ಕೆ ಹತ್ತು ಸಲ ಹೇಳುವ ಪುರುಸೊತ್ತು ಯಾರಿಗಿದೆ? ಬಾಲ ಕತ್ತರಿಸಿ ‘ಕಂಟಾಮಿ’ ಮಾಡಿಕೊಂಡರು. ಒತ್ತಿ ಕಟ್ಟಿದ ಹತ್ತಿಯ ಅಂಡಿಗೆ ಬಿಚ್ಚಿದಾಗ ಒಳಗೆ ಸಿಗುವ ತಲೆಗೂದಲು, ಗೋಣಿನಾರು, ಹಕ್ಕಿಪುಕ್ಕ, ಚಾಕಲೇಟ್ ಸುತ್ತಿದ ಕಾಗದ, ಎಲ್ಲವೂ ಕಂಟಾಮಿ. ಅದನ್ನು ಇಪ್ಪತ್ತೆರಡು ವರ್ಷದಿಂದ ಹೆಕ್ಕುತ್ತಾ ಬಂದವಳು ಕಂಟಾಮಿ ಅಕ್ಕ.

ಅಕ್ಕನ ಕಣ್ಣಿಗೆ ಮನೆಯಲ್ಲೂ ರಜೆಯಿಲ್ಲ. ಗಂಡ ಬಸ್ ಕಂಡಕ್ಟರು. ಅವನು ಸಂಜೆ ಒಳಗೆ ಕಾಲಿಟ್ಟರೆ ಸಾಕು, ಶರ್ಟಿನ ಬೆನ್ನಿನಿಂದ ಒಂದು ಎಳೆ ಕಿತ್ತು ಬೆಳಕಿಗೆ ಹಿಡಿಯುತ್ತಾಳೆ. “ಇದು ಸೀಟಿಂದು. ಇವತ್ತು ಒರಗಿ ನಿದ್ದೆ ಹೊಡೆದಿದೀರ” ಎನ್ನುತ್ತಾಳೆ. ಪಾಪ, ಅವನು ಇಲ್ಲವೆಂದು ವಾದಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಯಾವುದನ್ನು ಕಂಡರೂ ಇದು ಎಲ್ಲಿಂದ ಬಂತು, ಯಾಕೆ ಬಂತು ಎಂದು ಬೆನ್ನು ಹತ್ತುವುದು ಅವಳ ಹುಟ್ಟುಗುಣ.

ಒಂದು ಬುಧವಾರ ನೋಟಿಸ್ ಬೋರ್ಡಿನಲ್ಲಿ ಹಾಳೆಯೊಂದು ಕಂಡಿತು. ಈ ಮಿಲ್ಲಿನ ನೂಲಿನಿಂದ ನೇಯ್ದ ಬಿಳಿ ಬಟ್ಟೆಯಲ್ಲಿ ಅಲ್ಲಲ್ಲಿ ಕೆಂಪು ಎಳೆ ಕಾಣುತ್ತಿದೆ ಎಂದು ಬಟ್ಟೆ ಕಂಪನಿಯಿಂದ ಇಂಗ್ಲಿಷ್ ಪತ್ರ ಬಂದಿತ್ತು. ಗುಮಾಸ್ತ ಅದನ್ನು ಕನ್ನಡಕ್ಕೆ ಇಳಿಸಿದ್ದ. ಲಾಟ್ ನಂಬರಿನ ಜಾಡು ಹಿಡಿದಾಗ ಅದು ಮೂರನೇ ಮೇಜಿಗೆ ಬಂದು ನಿಂತಿದೆ, ಆ ಮೇಜಿನವರು ಹತ್ತಿಯನ್ನು ಕಲಬೆರಕೆ ಮಾಡಿದ್ದಾರೆ, ಶನಿವಾರ ವಿಚಾರಣೆ ಎಂದು ಬರೆದಿತ್ತು.

ಮೂರನೇ ಮೇಜು ಕನ್ನಡಕಮ್ಮನದು. ಅಕ್ಕನಿಗೆ ಕೆಲಸ ಕಲಿಸಿದ ಹಿರಿಯಳು, ನಿವೃತ್ತಿಗೆ ಇನ್ನೆರಡು ವರ್ಷ. ಮಿಲ್ಲಿನ ನಿಯಮದಲ್ಲಿ ಗೊಂದಲವೇ ಇಲ್ಲ: ಕಣ್ತಪ್ಪಿದರೆ ಮೆಮೊ, ಕಲಬೆರಕೆ ಮಾಡಿದರೆ ಕೆಲಸವೇ ಹೋಯಿತು.

“ಕಲಬೆರಕೆ ಅಂದ್ರೆ ಬೇಕಂತ ಮಾಡೋದಲ್ವೇನೇ?” ಎಂದು ಕನ್ನಡಕಮ್ಮ ಕೇಳಿದಳು. “ನಾನ್ಯಾಕೆ ಬೇಕಂತ ಮಾಡ್ಲಿ?”

ಅಕ್ಕನ ತಲೆಯೊಳಗೆ ಹುಳ ಹೊಕ್ಕಿತು. ನೇರ ಗುಮಾಸ್ತನ ಕೋಣೆಗೆ ಹೋದಳು.

“ಆ ಪತ್ರದಲ್ಲಿ ಇರೋ ಪದ ಯಾವ್ದು ಸಾರ್? ಒಂಚೂರು ತೋರ್ಸಿ.”

“ನಿಮಗ್ಯಾಕಕ್ಕ ಇಂಗ್ಲಿಷ್ ಉಸಾಬರಿ?”

“ಓದಕ್ಕೆ ಬರ್ದೇ ಇರ್ಬೋದು. ನೋಡಕ್ಕೆ ಬರತ್ತಲ್ಲ.”

ಅವನ ಬೆರಳು ನಿಂತ ಕಡೆ ಬಗ್ಗಿ ಒಂದೊಂದೇ ಅಕ್ಷರ ಗುರುತು ಹಿಡಿದಳು. ಅರೆ, ಇದು ತನ್ನ ತಲೆಯ ಮೇಲೆ ತೂಗುವ ಪದವೇ! ಬಾಲವಷ್ಟೇ ಬೇರೆ. ಊರವರ ವಿಚಾರಕ್ಕೆಲ್ಲ ಮೂಗು ತೂರಿಸುವ ತಾನು ಇಪ್ಪತ್ತೆರಡು ವರ್ಷ ಆ ಪದದ ಕೆಳಗೇ ಕೂತು ಒಂದು ದಿನವೂ ಅದರ ಅರ್ಥ ಕೇಳಲಿಲ್ಲವಲ್ಲ ಎಂದು ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

“ಹಂಗಾದ್ರೆ ನಮ್ದು ಕಲಬೆರಕೆ ವಿಭಾಗನಾ ಸಾರ್?”

ಗುಮಾಸ್ತ ತಬ್ಬಿಬ್ಬಾಗಿ ದಪ್ಪ ನಿಘಂಟನ್ನು ಎಳೆದುಕೊಂಡ. “ಇಲ್ನೋಡಿ, ಸಾಲಾಗಿ ಕೊಟ್ಟಿದಾರೆ. ಕೆಡಿಸು, ಮಲಿನಗೊಳಿಸು, ಕಲುಷಿತಗೊಳಿಸು, ಸೋಂಕು ತಗುಲಿಸು, ಕಲಬೆರಕೆ ಮಾಡು, ಭ್ರಷ್ಟಗೊಳಿಸು. ಎಲ್ಲಾ ಒಂದೇ. ಕಲಬೆರಕೆ ಅಂದ್ರೆ ಜನಕ್ಕೆ ಬೇಗ ಅರ್ಥ ಆಗತ್ತೆ ಅಂತ ಹಾಕ್ದೆ.”

“ಎಲ್ಲಾ ಒಂದೇ ಆಗಿದ್ರೆ ಆರು ಯಾಕೆ ಬೇಕಿತ್ತು?”

ಇವಳು ತಲೆ ತಿನ್ನುವುದು ನಿಲ್ಲಲಿ ಎಂದು ಗುಮಾಸ್ತ ಆರನ್ನೂ ಚೀಟಿಯಲ್ಲಿ ಬರೆದು ಕೊಟ್ಟು ಕಳಿಸಿದ.

ಎರಡು ದಿನ ಅಕ್ಕ ಆ ಪದಗಳನ್ನು ಹತ್ತಿಯಂತೆಯೇ ಬಿಡಿಸಿ ಬಿಡಿಸಿ ನೋಡಿದಳು. ಮಗಳು ನರ್ಸಿಂಗ್ ಓದುತ್ತಿದ್ದಳು. “ಸೋಂಕು ಅಂದ್ರೆ ಒಬ್ಬರಿಂದ ಒಬ್ಬರಿಗೆ ಹರಡ್ಬೇಕಮ್ಮ. ದಾರ ಎಲ್ಲಿ ಹರಡತ್ತೆ?” ಎಂದಳು. ಅದನ್ನು ಹೊಡೆದುಹಾಕಿದ್ದಾಯಿತು. ಮಲಿನವಾದದ್ದು ತೊಳೆದರೆ ಹೋಗಬೇಕು; ಇದು ಹೋಗುವುದಿಲ್ಲ. ಕಲುಷಿತ ಎಂದರೆ ನೀರು, ಗಾಳಿ. ಕೆಡುವುದಕ್ಕಂತೂ ಲೆಕ್ಕವೇ ಇಲ್ಲ: ಹಾಲು ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಹೆಸರು ಕೆಡುತ್ತದೆ. “ನಿನ್ನ ದೆಸೆಯಿಂದ ನನ್ನ ತಲೇನೂ ಕೆಡತ್ತೆ” ಎಂದು ಗಂಡ ಸೇರಿಸಿದ. ಭ್ರಷ್ಟದ ಬಗ್ಗೆ ಕೇಳಿದ್ದಕ್ಕೆ, “ಅದು ಹತ್ತಿಗಲ್ಲ ಕಣೇ, ಕುರ್ಚಿಗೆ” ಎಂದು ಬಿದ್ದು ಬಿದ್ದು ನಕ್ಕ. ಅಕ್ಕನಿಗೆ ನಗು ಬರಲಿಲ್ಲ. ಉಳಿದದ್ದು ಕಲಬೆರಕೆ ಒಂದೇ, ಅದರಲ್ಲಿ ಕನ್ನಡಕಮ್ಮನ ಅನ್ನ ಸಿಕ್ಕಿಕೊಂಡಿತ್ತು.

ಶನಿವಾರ ಬೆಳಗ್ಗೆ ಕನ್ನಡಕಮ್ಮ ತನ್ನ ಲಾಕರನ್ನು ತಾನೇ ಖಾಲಿ ಮಾಡಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮ್ಯಾನೇಜರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಅವಳನ್ನು ಕರೆಯುವ ಮೊದಲೇ ಅಕ್ಕ ಒಳಗೆ ನುಗ್ಗಿದಳು.

“ಸಾರ್, ಹಾಲಿಗೆ ನೀರು ಹಾಕಿದ್ರೆ ಯಾರಿಗೆ ಲಾಭ?”

ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದರು. “ಹಾಲು ಮಾರೋನಿಗೆ. ಯಾಕೆ?”

“ಅದು ಕಲಬೆರಕೆ. ಲಾಭ ಇಲ್ದೆ ಯಾರೂ ಕಲಬೆರಕೆ ಮಾಡಲ್ಲ. ಹತ್ತಿಗೆ ಕೆಂಪು ಎಳೆ ಹಾಕಿದ್ರೆ ನಮ್ಮ ಕನ್ನಡಕಮ್ಮನಿಗೆ ಏನ್ ಸಿಗತ್ತೆ ಸಾರ್? ಆ ಇಂಗ್ಲಿಷ್ ಪದದಲ್ಲಿ ಆರು ಅರ್ಥ ಇದೆಯಂತೆ. ಅದ್ರಲ್ಲಿ ಕೆಲಸ ಕಳೆಯೋ ಪದಾನೇ ಬೇಕಿತ್ತಾ ನಿಮ್ಗೆ?”

ಮ್ಯಾನೇಜರು ಪಕ್ಕದಲ್ಲಿದ್ದ ಗುಮಾಸ್ತನ ಕಡೆ ತಿರುಗಿದರು. ಗುಮಾಸ್ತ ತಲೆ ಕೆರೆದುಕೊಂಡು, “ಹೌದು ಸಾರ್, ಅಷ್ಟು ಯೋಚನೆ ಮಾಡ್ಲಿಲ್ಲ” ಎಂದ.

“ಸರಿ, ಕಲಬೆರಕೆ ತೆಗೀರಿ” ಎಂದರು ಮ್ಯಾನೇಜರು. “ಕಣ್ತಪ್ಪು ಅಂತ ಹಾಕಿ, ಆ ಹೆಂಗಸಿಗೆ ಒಂದು ಮೆಮೊ ಕೊಟ್ಟು ಮುಗಿಸಿ.”

ಅಕ್ಕ ಗೆದ್ದಿದ್ದಳು. ಕೈಮುಗಿದು ಹೊರಗೆ ಬಂದಿದ್ದರೆ ಆಗಿತ್ತು. ಆದರೆ ಮೇಜಿನ ಮೇಲೆ ಪತ್ರದ ಜೊತೆ ಬಂದಿದ್ದ ಆ ಬಿಳಿ ಬಟ್ಟೆಯ ತುಂಡು ಬಿದ್ದಿತ್ತು, ಅವಳ ಹಾಳು ಕುತೂಹಲ ಬಿಡಲಿಲ್ಲ. “ಒಂದ್ಸಲ ನೋಡ್ಲಾ ಸಾರ್?” ಎಂದು ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. ಉಗುರಿನಿಂದ ಒಂದು ಕೆಂಪು ಎಳೆಯನ್ನು ಮೀಟಿ ತೆಗೆದಳು, ಬೆರಳುಗಳ ನಡುವೆ ಹೊಸೆದಳು. ದಾರವಲ್ಲ, ಉಣ್ಣೆ.

ಆ ಎಳೆಯ ಗುರುತು ಅವಳಿಗೆ ಸಿಕ್ಕಿತು. ಕಳೆದ ಚಳಿಗಾಲದಲ್ಲಿ ಏಪ್ರನ್ನಿನ ಒಳಗೆ ಅಕ್ಕ ಹಾಕಿಕೊಳ್ಳುತ್ತಿದ್ದ ಕೆಂಪು ಸ್ವೆಟರಿನ ತೋಳು ಅಂಚಿನಲ್ಲಿ ಬಿಚ್ಚಿಕೊಂಡಿತ್ತು. ಆಗಲೇ ಕನ್ನಡಕಮ್ಮ ಕಣ್ಣಿಗೆ ಔಷಧಿ ಬಿಡಿಸಿಕೊಂಡು, ದೃಷ್ಟಿ ಮಂಜಾಗಿ ಬಂದ ದಿನ, ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಮೂರನೇ ಮೇಜಿನ ಹತ್ತಿಯನ್ನೆಲ್ಲ ಆರಿಸಿದವಳು ಅಕ್ಕನೇ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕನ್ನಡಕಮ್ಮನ ಕೆಲಸವಂತೂ ಉಳಿದಿತ್ತು. ಒಂದು ಗಳಿಗೆ ಅವಳು ಹಾಗೇ ಅಂದುಕೊಂಡಳು ಕೂಡ. ಆದರೆ ಕಣ್ಣಿನ ತೊಂದರೆ ಇರುವವಳ ಫೈಲಿನಲ್ಲಿ ‘ಕಣ್ತಪ್ಪು’ ಎಂಬ ಪದ ಕೂತರೆ, ಅವಳ ಕಣ್ಣೇ ಹೋಗಿದೆ ಎಂದು ಓದುತ್ತಾರೆ. ಆಮೇಲೆ ಎರಡು ವರ್ಷವಲ್ಲ, ಎರಡು ತಿಂಗಳೂ ಇಟ್ಟುಕೊಳ್ಳುವುದಿಲ್ಲ.

“ಸಾರ್, ಅವ್ರ ಹೆಸರು ಹಾಕ್ಬೇಡಿ” ಎಂದಳು. “ಇದು ನನ್ನ ಸ್ವೆಟರಿಂದು. ಆವತ್ತು ಆ ಮೇಜಲ್ಲಿ ಕೂತಿದ್ದೋಳು ನಾನು.”

ಗುಮಾಸ್ತ ಪೆನ್ನು ಎತ್ತಿಕೊಂಡು ಮೆಲ್ಲಗೆ ಕೇಳಿದ: “ಈಗ ಯಾವ ಪದ ಹಾಕ್ಲಿ ಅಕ್ಕ?” ಅದರಲ್ಲಿ ಕುಹಕವಿರಲಿಲ್ಲ.

“ನಾನು ಮಾಡಿದ್ದಲ್ಲ ಸಾರ್. ಆದ್ರೆ ನನ್ನಿಂದ ಆಗಿದ್ದು. ಅಷ್ಟೇ ಬರೀರಿ, ಇವರಿಂದ ಆಯಿತು ಅಂತ.”

ಗುಮಾಸ್ತ ಹಾಗೇ ಬರೆದ. ಅಕ್ಕ ರುಜು ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಅದು ಮೊದಲ ಮೆಮೊ. ಕಣ್ಣಲ್ಲಿ ನೀರು ತುಂಬಿತು, ಅದನ್ನು ಮುಚ್ಚಿಡಲೂ ಇಲ್ಲ.

ಹೊರಗೆ ಬಂದಾಗ ಕನ್ನಡಕಮ್ಮ ಚೀಲ ಹಿಡಿದು ಎದ್ದು ನಿಂತಳು. “ನನ್ನ ಕರೀತಿದಾರಾ?”

“ಇಲ್ಲಮ್ಮ.”

“ಮತ್ತೆ ಯಾವಾಗ ಬರ್ಬೇಕಂತೆ?”

“ಸೋಮವಾರ ಎಂಟಕ್ಕೆ. ಕೆಲಸಕ್ಕೆ.”

ಕನ್ನಡಕಮ್ಮ ಅವಳ ಮುಖವನ್ನೇ ದಿಟ್ಟಿಸಿದಳು. “ಹಂಗಾದ್ರೆ ನೀನ್ಯಾಕೆ ಅಳ್ತಿದೀಯೇ?”

“ಮೆಮೊ ನಂಗೆ ಬಂತು” ಎಂದು ಅಕ್ಕ ಅವಳ ಕೈಯಿಂದ ಚೀಲವನ್ನು ತೆಗೆದುಕೊಂಡು ಲಾಕರಿನ ಕಡೆ ನಡೆದಳು.