ದೋಣಿಯ ಹುಡುಗಿಗೆ ಹೊಡೆದ ಸಿಳ್ಳೆ

ಗೆಳೆಯರೇ, ಇವತ್ತು ರಾಯಬಾಗ ಬಸ್ ಸ್ಟ್ಯಾಂಡಿನಲ್ಲಿ ಉಗಾರದ ಶಾಲಾ ಗೆಳತಿ ಸುಶೀಲಾ ನನ್ನ ಮಾನ ತೆಗೆದಳು.

ಎಂಬತ್ತರ ದಶಕದಲ್ಲಿ ನಮ್ಮ ಮಾಸ್ತರರು ಪ್ರತಿ ಶನಿವಾರ ಒಂದು ಸಾಹಸ ಕಾದಂಬರಿ ಓದಿ ಹೇಳುತ್ತಿದ್ದರು. ಅದರಲ್ಲಿ ಮಹಾಪೂರದ ನಡುವೆ ದೋಣಿ ನಡೆಸಿ ಎಲ್ಲರನ್ನೂ ಉಳಿಸುವವಳು ಹುಡುಗಿ. ಅದೇ ಕತೆಯ ಸಿನಿಮಾ ಊರಿನ ಟೆಂಟಿಗೆ ಬಂತು. ಉಸುಕಿನ ಮೇಲೆ ಕೂತು, ಶೇಂಗಾ ಮೆಲ್ಲುತ್ತ ನೋಡಿದ ಆ ಸುಖ ಇನ್ನೂ ನಾಲಗೆಯ ಮೇಲಿದೆ. ಆದರೆ ಪರದೆಯಲ್ಲಿ ದೋಣಿ ನಡೆಸಿದವನು ಹುಡುಗ. ಹುಡುಗಿ ಅಳುತ್ತ ಕೂತಿದ್ದಳು.

ನಡುವೆ ಕಟ್ಟಿದ್ದ ಹಗ್ಗದಾಚೆ, ಹೆಂಗಸರ ಕಡೆಯಿಂದ ಸುಶೀಲಾ ಎದ್ದು ಕೂಗಿದಳು: "ಸುಳ್ಳಲೇ! ದೋಣಿ ನಡಸಾಕಿ ಅಕಿ!"

ಗಂಡಸರ ಕಡೆಯಿಂದ ಸಿಳ್ಳೆಯೋ ಸಿಳ್ಳೆ. ಅವಳಪ್ಪ ಅವಳನ್ನು ಮತ್ತೆಂದೂ ಟೆಂಟಿಗೆ ಕಳಿಸಲಿಲ್ಲ.

ಅವತ್ತು ಅವಳ ಪರ ನಿಂತವನು ನಾನೊಬ್ಬನೇ ಎಂದು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಇವತ್ತು ಅವಳಿಗೂ ಹೇಳಿದೆ.

"ಹೌದೇನೋ? ಮೊದಲನೇ ಸಿಳ್ಳೆ ನಿಂದ ಇತ್ತಲ್ಲೋ! ನಾ ಹೊಳ್ಳಿ ನೋಡೇನಿ, ಎರಡು ಬೆರಳ ಬಾಯಾಗ ಇಟಗೊಂಡಿದ್ದಿ."

"ತಪ್ಪಾತು ಸುಶೀ."

"ನನ್ನ ಮುಂದ ಯಾಕ? ಮೈಕಿನ ಮುಂದ ಹೇಳು," ಎಂದವಳೇ ಬಸ್ಸು ಹತ್ತಿದಳು.

ನಾಳೆ ಅಥಣಿಯಲ್ಲಿ ಸಮಾನತೆಯ ಕುರಿತು ನನ್ನ ಭಾಷಣವಿದೆ. ತಪ್ಪದೆ ಬನ್ನಿ. ಸಿಳ್ಳೆ ಹೊಡೆಯಲು ಎಲ್ಲರಿಗೂ ಮುಕ್ತ ಅವಕಾಶ.