ವೀಣ ಇಟ್ಟ ಡೊಮೇನ್ ಹೆಸರು

ಹನಕೆರೆಯಿಂದ ದಿನಾ ರೈಲು ಹಿಡಿದು ಮಂಡ್ಯಕ್ಕೆ ಹೋಗಿಬರುವ ವೀಣ ಅಲ್ಲಿನ ಒಂದು ವಿದ್ಯಾಸಂಸ್ಥೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಸಂಸ್ಥೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಒಂದೊಂದು ಕಾಲೇಜು. ಮೂರು ಕಡೆಯೂ ಬೇರೆ ಬೇರೆ ನೆಟ್‌ವರ್ಕ್. ಮದ್ದೂರಿನ ಮೇಷ್ಟ್ರು ಮಳವಳ್ಳಿಗೆ ಪಾಠಕ್ಕೆ ಹೋದರೆ ಅಲ್ಲಿನ ಕಂಪ್ಯೂಟರ್ ಅವರ ಗುರುತೇ ಹಿಡಿಯುತ್ತಿರಲಿಲ್ಲ. ಎಲ್ಲರಿಗೂ ಎಲ್ಲ ಕಡೆಯೂ ಒಂದೇ ಲಾಗಿನ್ ಇರಲಿ ಎಂದು ಕಾರ್ಯದರ್ಶಿ ರಘುನಂದನ್ ಆ ಕೆಲಸವನ್ನು ಅವಳಿಗೆ ಒಪ್ಪಿಸಿದರು.

ಮೂರೂ ನೆಟ್‌ವರ್ಕುಗಳನ್ನು ಒಂದೇ ಡೊಮೇನ್ ಹೆಸರಿನಡಿ, ಅಂದರೆ ಒಳಗಿನ ಕಂಪ್ಯೂಟರುಗಳಿಗೆಲ್ಲ ಸೇರಿದ ಒಂದೇ ಹೆಸರಿನಡಿ, ತರಬೇಕಿತ್ತು. ಸಂಸ್ಥೆಯ ವೆಬ್‌ಸೈಟಿನ ಹೆಸರನ್ನೇ ಇಡುವುದೆಂದು ವೀಣ ಸಭೆಯಲ್ಲಿ ಹೇಳಿದಳು. ಹದಿನಾರು ವರ್ಷದಿಂದ ಮಳವಳ್ಳಿಯ ಲ್ಯಾಬ್ ನೋಡಿಕೊಳ್ಳುತ್ತಿದ್ದ ಸಿದ್ದರಾಮು ಎದ್ದು ನಿಂತರು.

“ಒರಗಡೆಯೋರು ನೋಡೋ ಎಸ್ರನ್ನೇ ಒಳಗಡೀಕೂ ಇಡ್‌ಬ್ಯಾಡಿ ಮೇಡಂ. ಅದರ ಮುಂದೆ ಇನ್ನೊಂದು ಪದ ಸೇರ್ಸಿ ಬ್ಯಾರೆ ಮಾಡಿ. ಇಲ್ದಿದ್ರೆ ನಮ್ ಮಿಸೀನುಗಳು ನಮ್ ವೆಬ್‌ಸೈಟನ್ನ ಒಳಗೇ ಉಡುಕ್ತಾ ಕೂತ್ಕತವೆ.”

ಮಾತು ಸರಿಯಾಗಿತ್ತು. ಆದರೆ ಕಾರ್ಯದರ್ಶಿಯ ಮುಂದೆ ಲ್ಯಾಬ್ ಸಹಾಯಕನಿಂದ ಹೇಳಿಸಿಕೊಂಡದ್ದು ಅವಳಿಗೆ ಚುಚ್ಚಿತು. “ಚಿಕ್ಕ ಹೆಸರಿದ್ರೆ ಎಲ್ಲರಿಗೂ ನೆನಪಿರುತ್ತೆ ಬಿಡಿ,” ಎಂದು ಅಲ್ಲಿಗೇ ಮುಗಿಸಿದಳು. ಹೊರಗೆ ವೆಬ್‌ಸೈಟ್ ಇರುವ ಜಾಗವನ್ನು, ಯಾವ ಹೆಸರು ಎಲ್ಲಿದೆಯೆಂದು ತೋರಿಸುವ ಸರ್ವರಿನ ಪಟ್ಟಿಗೆ ಸೇರಿಸಿಬಿಟ್ಟರೆ ಸಾಕು ಅಂದುಕೊಂಡಿದ್ದಳು. ಆಮೇಲೆ ಅದನ್ನೂ ಮರೆತಳು.

ಮೊದಲಿಗೆ ಮಳವಳ್ಳಿಯಲ್ಲಿ ಹೊಸ ಲಾಗಿನ್ ಶುರುವಾದ ದಿನವೇ ಸಂಸ್ಥೆಯ ವೆಬ್‌ಸೈಟಿನಲ್ಲಿ ಪರೀಕ್ಷೆಯ ಅರ್ಜಿ ತುಂಬಲು ಕಡೆಯ ದಿನ. ಕಾಲೇಜಿನ ಒಂದು ಕಂಪ್ಯೂಟರಿನಲ್ಲೂ ವೆಬ್‌ಸೈಟ್ ತೆರೆಯಲಿಲ್ಲ. ಸಿದ್ದರಾಮು ತಮ್ಮ ಮೊಬೈಲಿನ ಇಂಟರ್ನೆಟ್ ಕೊಟ್ಟು ಮಕ್ಕಳಿಂದ ಅರ್ಜಿ ತುಂಬಿಸುತ್ತಿದ್ದಾಗ, ಮಂಡ್ಯದಲ್ಲಿ ವೀಣಳ ಫೋನ್ ಹೊಡೆದುಕೊಂಡಿತು.

“ಏನಮ್ಮ, ಮಳವಳ್ಳೀಲಿ ಏನಾಗಿದೆ?” ರಘುನಂದನ್ ದನಿ ಗಡುಸಾಗಿತ್ತು.

ಏನಾಗಿದೆಯೆಂದು ಅವಳಿಗೆ ಆ ಕ್ಷಣವೇ ಹೊಳೆದಿತ್ತು. ಬಾಯಲ್ಲಿ ಬಂದದ್ದೇ ಬೇರೆ. “ಸಿದ್ದರಾಮು ಏನೋ ಸೆಟ್ಟಿಂಗ್ ಮುಟ್ಟಿರಬೇಕು ಸಾರ್.”

ಹತ್ತೇ ನಿಮಿಷದಲ್ಲಿ, ಮರೆತಿದ್ದ ಆ ಒಂದು ಸಾಲನ್ನು ಪಟ್ಟಿಗೆ ಸೇರಿಸಿದಳು; ವೆಬ್‌ಸೈಟ್ ತೆರೆಯಿತು. ಸಂಜೆಯೊಳಗೆ ಸಿದ್ದರಾಮು ಕೈಗೆ ನೋಟಿಸು ಹೋಯಿತು.

ನಾಲ್ಕನೆಯ ದಿನ ಮಳವಳ್ಳಿ ಬಸ್ಸು ಹತ್ತಿದಳು. ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತಾಗ, ಇಳಿದು ವಾಪಸು ಹೋಗಿಬಿಡಲೇ ಅನ್ನಿಸಿತು. ಇಳಿಯಲಿಲ್ಲ.

ಸಿದ್ದರಾಮು ಲ್ಯಾಬಿನಲ್ಲಿ ಕೀಬೋರ್ಡ್ ಒರೆಸುತ್ತಿದ್ದರು.

“ತಪ್ಪು ನಂದು ಸಿದ್ದರಾಮಣ್ಣ. ನೀವೇನೂ ಮುಟ್ಟಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು.”

“ನಂಗೂ ಗೊತ್ತು ಕಣಮ್ಮ. ಪಟ್ಟೀಲಿ ಯಾರು ಎಷ್ಟೊತ್ತಿಗೆ ಸೇರ್ಸವ್ರೆ ಅಂತ ಇರ್ತದಲ್ಲ.”

“ಮತ್ತೆ ಯಾಕೆ ಸುಮ್ಮನಿದ್ರಿ?”

“ನೀವೇ ಏಳ್ತೀರ ಅಂತ ಕಾಯ್ತಿದ್ದೆ.” ಅವರು ತಲೆಯೆತ್ತಲಿಲ್ಲ.

ವೀಣ ಅಲ್ಲಿಂದಲೇ ರಘುನಂದನ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಸಿದ್ದರಾಮು ಮೇಲಿನ ನೋಟಿಸು ರದ್ದಾಯಿತು. ಅವಳ ಮೇಲೊಂದು ಬಂತು. ಬೇಸಿಗೆ ರಜೆಯಲ್ಲಿ, ಸಿದ್ದರಾಮು ಅಂದು ಹೇಳಿದಂತೆ ಒಳಗಿನ ಹೆಸರನ್ನು ಬದಲಿಸಿ ಮತ್ತೆ ಮೊದಲಿನಿಂದ ಕಟ್ಟಿದಳು. ಈಗ ಮೂರೂ ಊರಿನಲ್ಲಿ ಒಂದೇ ಲಾಗಿನ್ ಸಲೀಸಾಗಿ ನಡೆಯುತ್ತಿದೆ.

ಆದರೆ ಸಿದ್ದರಾಮು ಸಭೆಯಲ್ಲಿ ತಾವಾಗಿ ಬಾಯಿ ತೆರೆಯುವುದಿಲ್ಲ. “ನೀವೇನಂತೀರಿ?” ಎಂದು ವೀಣ ಪ್ರತಿ ಸಲವೂ ಕೇಳುತ್ತಾಳೆ.

“ನೀವು ಎಂಗಂದ್ರೆ ಅಂಗೇ ಮೇಡಂ,” ಅನ್ನುತ್ತಾರೆ ಅವರು.