ಎಂಜಿನ್‌ಗೆ ಉಡಿಸಿದ ರವಿಕೆ ಕಣ

ಸುಕನ್ಯಾ ಏಳನೇ ಕ್ಲಾಸಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. "ಮೇಲೆ ಗಾಳಿನೇ ಇಲ್ಲ ಅಂತೀರಿ, ಮತ್ತೆ ರಾಕೆಟ್‌ನಲ್ಲಿ ಬೆಂಕಿ ಹೆಂಗೆ ಉರಿಯುತ್ತೆ ಸಾರ್?" ಎಂದಿದ್ದಳು. ಗೊತ್ತಿದ್ದರಲ್ಲವೇ ಹೇಳುವುದು. "ಅಧಿಕಪ್ರಸಂಗ ಬೇಡ, ಕೂತ್ಕೋ" ಎಂದೆ. ಮೇಷ್ಟ್ರುಗಳ ಬತ್ತಳಿಕೆಯಲ್ಲಿ ಇದೊಂದು ಬಾಣ ಯಾವಾಗಲೂ ಇರುತ್ತದೆ.

ಈಗ ನಾನು ನಿವೃತ್ತ, ಅವಳಿಗೆ ಮೂವತ್ತೆರಡು. ಕಳಸದ ಸುತ್ತಿನ ತೋಟಗಳಲ್ಲಿ ಡೀಸೆಲ್ ಎಂಜಿನ್ ಕೆಟ್ಟರೆ ಅವಳೇ ಬರಬೇಕು. ಅಪ್ಪ ಗಿಡ್ಡಪ್ಪ ಎಸ್ಟೇಟೊಂದರ ಪಂಪ್‌ಸೆಟ್ ನೋಡಿಕೊಳ್ಳುತ್ತಿದ್ದ. ಅವನ ಪಕ್ಕ ಸ್ಪ್ಯಾನರ್ ಹಿಡಿದು ನಿಂತೇ ಕಲಿತಳು. "ಹೆಂಗಸು ಮುಟ್ಟಿದ ಎಂಜಿನ್ ಎಷ್ಟು ದಿನ ಓಡೀತು" ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ತಮ್ಮ ಎಂಜಿನ್ ನಿಂತಾಗ ಅವರ ಮೂಗು ತಾನಾಗಿ ನೆಟ್ಟಗಾಗುತ್ತದೆ.

ಕಳೆದ ಫೆಬ್ರವರಿಯಲ್ಲಿ ನನ್ನ ಪಕ್ಕದ ತೋಟದ ಪಾಪಮ್ಮನವರು ಕಾಫಿ ಹೂವಿಗೆ ನೀರು ಹೊಡೆಸಲು ಹೊರಟರು. ಮೊಗ್ಗು ಬಲಿತ ಮೇಲೆ ಗಿಡಕ್ಕೆ ಒಂದು ಒಳ್ಳೆ ಮಳೆ ಬೇಕು. ಮಳೆ ಕೈಕೊಟ್ಟರೆ ಕೆರೆ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾರಿಸಬೇಕು. ಅರೆಬರೆ ನೀರಾದರೆ ಮೊಗ್ಗು ಒಣಗಿ ವರ್ಷದ ಫಸಲೇ ಹೋಯಿತು. ಭಾನುವಾರ ಸುಕನ್ಯಾ ಬಂದು ಎಂಜಿನ್ ಸರ್ವಿಸ್ ಮಾಡಿ ಹೋದಳು. ಸೋಮವಾರ ಬೆಳಿಗ್ಗೆ ಪಾಪಮ್ಮನವರು ಎಂಜಿನ್‌ಗೆ ಪೂಜೆ ಮಾಡಿ ಚಾಲೂ ಮಾಡಿಸಿದರು. ನೀರು ಎಳೆಯಲು ಶುರುಮಾಡಿದ್ದೇ ತಡ, ಎಂಜಿನ್ ಏದುಸಿರು ಬಿಡುತ್ತಾ ಕಪ್ಪು ಹೊಗೆ ಕಾರಿತು. ಸ್ಪ್ರಿಂಕ್ಲರ್ ನೀರು ಮಗು ಉಚ್ಚೆ ಹೊಯ್ದಷ್ಟು ದೂರವೂ ಹೋಗಲಿಲ್ಲ.

ಹೊಗೆ ಕಂಡು ಬಂದ ನಾನು "ಎಣ್ಣೆ ಸಾಲ್ತಿಲ್ಲ" ಎಂದು ವಿಜ್ಞಾನ ಮೇಷ್ಟ್ರ ಗತ್ತಿನಲ್ಲಿ ಡೀಸೆಲ್ ಹೆಚ್ಚಿಸಿದೆ. ಹೊಗೆ ಇಮ್ಮಡಿಯಾಯಿತು. ನೀರು ಹಾಗೇ ಇತ್ತು.

ಫೋನ್ ಮಾಡಿದ್ದಕ್ಕೆ ಸುಕನ್ಯಾ ಸ್ಕೂಟರಿನಲ್ಲಿ ಓಡಿ ಬಂದಳು.

"ಎಂಥ ಮಾಡಿಟ್ಟು ಹೋದೆ ಮಾರಾಯ್ತಿ?" ಎಂದರು ಪಾಪಮ್ಮ. "ಮಧ್ಯಾಹ್ನದೊಳಗೆ ಸರಿ ಆಗ್ದಿದ್ರೆ ಮೂಡಿಗೆರೆಯಿಂದ ಬೇರೆಯವರನ್ನ ಕರೆಸ್ತೀನಿ. ಇನ್ನು ನೀನು ಬರೋದು ಬೇಡ."

ಸುಕನ್ಯಾಳ ಮುಖ ಸಣ್ಣದಾಯಿತು. ಪಾಪಮ್ಮ ಕೈಬಿಟ್ಟರೆ ಉಳಿದ ತೋಟದವರೂ ಕೈಬಿಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಅವಳು ಎಂಜಿನ್ ನಿಲ್ಲಿಸಿದಳು. ಹೊಗೆಯನ್ನೊಮ್ಮೆ ನೋಡಿ, ಸ್ಪ್ಯಾನರ್ ಮುಟ್ಟದೆ, ಎಂಜಿನ್ ಮೇಲಿನ ಚೆಂಡುಹೂವಿನ ಮಾಲೆ ಸರಿಸಿದಳು. ಗಾಳಿ ಎಳೆದುಕೊಳ್ಳುವ ಏರ್ ಫಿಲ್ಟರ್ ಅದರಡಿ ದುಂಡಗೆ ನಿಂತಿತ್ತು. ಪಾಪಮ್ಮನವರ ಕಣ್ಣಿಗೆ ಅದು ದೇವಿಯ ತಲೆಯಂತೆ ಕಂಡಿದೆ. ಕುಂಕುಮವಿಟ್ಟು, ಹಸಿರು ರವಿಕೆ ಕಣವನ್ನು ಎರಡು ಸುತ್ತು ಸುತ್ತಿ, ಮೇಲೆ ಕಲಶದ ನೀರನ್ನೂ ಪ್ರೋಕ್ಷಣೆ ಮಾಡಿದ್ದರು. ತೊಯ್ದ ಬಟ್ಟೆ ಗಾಳಿಯ ತೂತುಗಳಿಗೆ ಮೆತ್ತಿಕೊಂಡಿತ್ತು.

"ಇದು ಎಂಜಿನ್ ಮೂಗು ಅಮ್ಮ" ಎಂದಳು ಮೆಲ್ಲಗೆ. "ಒಳಗೆ ಪಿಸ್ಟನ್ ಗಾಳಿನ ಒತ್ತಿ ಒತ್ತಿ ಕಾಯಿಸುತ್ತೆ. ಆ ಬಿಸಿಗೆ ಡೀಸೆಲ್ ಚಿಮ್ಮಿದ ಕೂಡ್ಲೆ ಹೊತ್ಕೊಂಡು ಪಿಸ್ಟನ್ನ ಒದೆಯುತ್ತೆ. ಆ ಒದೆತಕ್ಕೇ ಚಕ್ರ ತಿರುಗೋದು, ನೀರು ಗುಡ್ಡ ಹತ್ತೋದು. ಗಾಳಿ ಇಲ್ದೆ ಎಷ್ಟು ಎಣ್ಣೆ ಕೊಟ್ರೂ ಬರೀ ಹೊಗೆ." ಕೊನೆಯ ಮಾತು ಹೇಳುವಾಗ ನನ್ನನ್ನೇ ನೋಡಿದಳು.

"ರಾಕೆಟ್ ಆಗಿದ್ರೆ ಪರವಾಗಿರಲಿಲ್ಲ ಸಾರ್. ಬುತ್ತಿ ಕಟ್ಕೊಂಡಂಗೆ ಉರಿಯೋಕೆ ಬೇಕಾದ ಆಮ್ಲಜನಕನೂ ಹೊತ್ಕೊಂಡೇ ಹೋಗುತ್ತೆ."

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಅದಕ್ಕೇ ನಾನೇ ಓದ್ಕೊಂಡೆ."

ಫಿಲ್ಟರಿನ ಎಣ್ಣೆಮಸಿ ಹತ್ತಿದ ಬಟ್ಟೆ ಬಿಚ್ಚಿ ಚಾಲೂ ಮಾಡಿದಳು. ಹೊಗೆ ತಿಳಿಯಾಯಿತು, ನೀರು ನೆರಳಿಗೆ ಬೆಳೆಸಿದ ಸಿಲ್ವರ್ ಮರದ ಬುಡ ದಾಟಿ ಚಿಮ್ಮಿತು. ಸಂಜೆಯೊಳಗೆ ಅಂದಿನ ಪಾಲಿನ ಗಿಡಗಳೆಲ್ಲ ತೊಯ್ದವು.

ಒಂಬತ್ತನೇ ದಿನ ತೋಟವೆಲ್ಲ ಬಿಳಿ ಹೂವು. ಪಾಪಮ್ಮನವರು ಸುಕನ್ಯಾಳನ್ನು ಕರೆಸಿ, ಒಳಗೆ ಕುರ್ಚಿಯಲ್ಲಿ ಕೂರಿಸಿ, ಕುಂಕುಮ ಕೊಟ್ಟು, ತಟ್ಟೆಯಲ್ಲಿ ಹೊಸ ರವಿಕೆ ಕಣ ಇಟ್ಟರು. ಗಿಡ್ಡಪ್ಪನ ಕಾಲದಲ್ಲಿ ಅವನ ಜಾತಿಯವರು ಯಾರೂ ಆ ಮನೆಯ ಹೊಸಿಲು ದಾಟಿರಲಿಲ್ಲ.

"ಬರೋದು ಬೇಡ ಅಂದಿದ್ದು ತಪ್ಪಾಯ್ತು. ಮುಂದಿನ ವರ್ಷ ಪೂಜೆ ಹೊತ್ತಿಗೇ ಬಾ. ಎಲ್ಲಿ ಉಡಿಸ್ಬೇಕು ಅಂತ ನೀನೇ ತೋರ್ಸು."

"ಬರ್ತೀನಿ. ಆದ್ರೆ ಹೊಸದು ಬೇಡ ಅಮ್ಮ, ಆ ಹಸಿರು ಕಣನೇ ಕೊಡಿ."

ಈಗ ಅದನ್ನೇ ಹೊಲಿಸಿಕೊಂಡು ಹಾಕುತ್ತಾಳೆ. ಬೆನ್ನ ಮೇಲೆ ಫಿಲ್ಟರಿನ ಕಪ್ಪು ಗುರುತು ಹಾಗೇ ಉಳಿದಿದೆ. ಎಷ್ಟು ಒಗೆದರೂ ಹೋಗಲಿಲ್ಲವಂತೆ. ಅವಳು ಒಗೆದಿದ್ದಾಳೆಂದು ನಾನಂತೂ ನಂಬುವುದಿಲ್ಲ.